ದೂರಿತ್ತ ಶಿಕ್ಷಕಿಗೆ ಯಾವ ಬಾಗಿಲು ತೆರೆದಿದೆ?

ಯಲಹಂಕ ಉಪನಗರದ ಯಾವ ಮುಖ್ಯರಸ್ತೆಯಲ್ಲಿಯಾದರೂ ಬೆಳಗಿನ ಏಳೂವರೆಗೆ ನಿಂತರೆ ಹಳದಿ ಬಣ್ಣದ ಶಾಲಾ ಬಸ್ಸುಗಳ ಮೆರವಣಿಗೆಯೇ ಕಾಣುತ್ತದೆ. ಕರ್ನಾಟಕ ಗೃಹ ಮಂಡಳಿ ರೂಪಿಸಿದ ಈ ಉಪನಗರ ಒಂದು ಕಾಲಕ್ಕೆ ಬೆಂಗಳೂರಿನ ಹೊರಗಿನ ಶಾಂತ ಬಡಾವಣೆಯಾಗಿತ್ತು. 2008ರಲ್ಲಿ ದೇವನಹಳ್ಳಿಯ ಬಳಿ ಹೊಸ ವಿಮಾನ ನಿಲ್ದಾಣ ಆರಂಭವಾದ ಬಳಿಕ ಈ ಭಾಗದಲ್ಲಿ ಮನೆಗಳು ಎದ್ದಂತೆ ಖಾಸಗಿ ಶಾಲೆಗಳೂ ಎದ್ದವು. ಇವುಗಳ ಶುಲ್ಕ, ಫಲಿತಾಂಶ, ಬಸ್ಸಿನ ಸುರಕ್ಷತೆಗಳ ಬಗ್ಗೆ ಪೋಷಕರು ಸಾಕಷ್ಟು ಮಾತನಾಡುತ್ತಾರೆ. ಆದರೆ ಅಲ್ಲಿ ಪಾಠ ಹೇಳುವವರಿಗೆ, ಅದರಲ್ಲೂ ಬಹುಸಂಖ್ಯೆಯಲ್ಲಿರುವ ಮಹಿಳೆಯರಿಗೆ, ಅನ್ಯಾಯವಾದರೆ ಅವರು ಎಲ್ಲಿಗೆ ಹೋಗಬೇಕು ಎಂಬ ಪ್ರಶ್ನೆ ಸಾರ್ವಜನಿಕ ಚರ್ಚೆಗೆ ಬಂದದ್ದು ಕಡಿಮೆ.

ಒಬ್ಬ ಶಿಕ್ಷಕಿ, ತನಗಿಂತ ಕಡಿಮೆ ಅನುಭವವಿರುವ ಸಹೋದ್ಯೋಗಿಗೆ ಹೆಚ್ಚು ಸಂಬಳವೇಕೆ ಎಂದು ಕೇಳುತ್ತಾರೆ ಎಂದಿಟ್ಟುಕೊಳ್ಳೋಣ. ಅಥವಾ ಬ್ಯಾಂಕ್ ಖಾತೆಗೆ ಜಮೆಯಾದ ಸಂಬಳದ ಒಂದು ಭಾಗವನ್ನು ನಗದಾಗಿ ಹಿಂದಿರುಗಿಸಲು ಒಪ್ಪುವುದಿಲ್ಲ. ಅಥವಾ ಹೆರಿಗೆ ರಜೆಗೆ ಅರ್ಜಿ ಕೊಡುತ್ತಾರೆ. ಮರುದಿನವೇ ಅವರನ್ನು ಯಾರೂ ಕೆಲಸದಿಂದ ತೆಗೆಯುವುದಿಲ್ಲ. ಮೊದಲು ವೇಳಾಪಟ್ಟಿ ಬದಲಾಗುತ್ತದೆ. ವರ್ಷಗಳಿಂದ ಹತ್ತನೆಯ ತರಗತಿಗೆ ಗಣಿತ ಕಲಿಸಿದವರು ಬಿಡುವಿಲ್ಲದ ಪೀರಿಯಡುಗಳಲ್ಲಿ ಕೆಳಗಿನ ತರಗತಿಗಳಿಗೆ ಓಡಾಡಬೇಕಾಗುತ್ತದೆ. ಎರಡು ನಿಮಿಷ ತಡವಾದದ್ದಕ್ಕೆ ಒಂದು ಮೆಮೊ, ನೋಟ್ಸ್ ತಿದ್ದುವುದು ಬಾಕಿಯಿದೆ ಎಂದು ಇನ್ನೊಂದು. ಕೊನೆಗೆ, ರಾಜೀನಾಮೆ ಬರೆದುಕೊಟ್ಟರೆ ಅನುಭವ ಪ್ರಮಾಣಪತ್ರ ಕೊಡುತ್ತೇವೆ ಎಂಬ ಸಲಹೆ. ಹೀಗೆ ಹೊರಬಿದ್ದವರ ಕಡತದಲ್ಲಿ ವಜಾ ಆದೇಶ ಇರುವುದಿಲ್ಲ. ಅವರೇ ಸಹಿ ಮಾಡಿದ ರಾಜೀನಾಮೆ ಇರುತ್ತದೆ. ಮೂಲ ತಾರತಮ್ಯಕ್ಕಿಂತ, ಅದನ್ನು ಪ್ರಶ್ನಿಸಿದ್ದಕ್ಕಾಗಿ ಬರುವ ಈ ಶಿಕ್ಷೆಯೇ ಹೆಚ್ಚು ಕಠೋರವಾದದ್ದು. ಇದನ್ನು ಪ್ರತೀಕಾರ ಎಂದು ಕರೆಯಬೇಕು. ನಮ್ಮ ಶಿಕ್ಷಣ ಕಾನೂನಿನಲ್ಲಿ ಇದಕ್ಕೆ ಹೆಸರೇ ಇಲ್ಲದಿರುವುದು ಒಂದು ದೊಡ್ಡ ಕೊರತೆ.

ಇದು ಕಲ್ಪನೆಯ ಮಾತಲ್ಲ ಎಂಬುದಕ್ಕೆ ನೆರೆಯ ಮಹಾರಾಷ್ಟ್ರದ ಒಂದು ಪ್ರಕರಣ ಸಾಕು. ಔರಂಗಾಬಾದಿನ (ಇಂದಿನ ಛತ್ರಪತಿ ಸಂಭಾಜಿನಗರದ) ಒಂದು ಖಾಸಗಿ ಪ್ರಾಥಮಿಕ ಶಾಲೆಯ ಕಟ್ಟಡಕ್ಕೆ 2005ರಲ್ಲಿ ಮಹಾನಗರಪಾಲಿಕೆ 79,974 ರೂಪಾಯಿ ತೆರಿಗೆ ವಿಧಿಸಿತು. ಈ ಹೊರೆಗಾಗಿ ಸಿಬ್ಬಂದಿಯೆಲ್ಲ ತಿಂಗಳಿಗೆ 1,500 ರೂಪಾಯಿ ಕೊಡಬೇಕೆಂದು ಮುಖ್ಯೋಪಾಧ್ಯಾಯಿನಿ ಪತ್ರ ಬರೆದರು. ಒಬ್ಬ ಶಿಕ್ಷಕಿ ಒಪ್ಪಲಿಲ್ಲ. ಅವರಿಗೆ ಬಂದ ಮೆಮೊಗಳ ಸಂಖ್ಯೆ 25. ಪ್ರತಿಯೊಂದಕ್ಕೂ ಅವರು ಉತ್ತರ ಬರೆದರು. 2006ರ ನವೆಂಬರ್‌ನಲ್ಲಿ ಅವರನ್ನು ಅಮಾನತಿನಲ್ಲಿ ಇಡಲಾಯಿತು. ಅದಕ್ಕೆ ಜಿಲ್ಲಾ ಪರಿಷತ್ತಿನ ಶಿಕ್ಷಣಾಧಿಕಾರಿ ಅನುಮೋದನೆ ನೀಡಲಿಲ್ಲ. ಆದರೂ 2007ರ ಜೂನ್‌ನಲ್ಲಿ ಸೇವೆಯಿಂದ ತೆಗೆದುಹಾಕಲಾಯಿತು. ಶಾಲಾ ನ್ಯಾಯಮಂಡಳಿ 2009ರಲ್ಲಿ ಆ ಆದೇಶವನ್ನು ರದ್ದುಪಡಿಸಿ, ಪೂರ್ಣ ಹಿಂಬಾಕಿ ವೇತನದೊಂದಿಗೆ ಕೆಲಸಕ್ಕೆ ಸೇರಿಸಿಕೊಳ್ಳುವಂತೆ ಹೇಳಿತು. ಹೈಕೋರ್ಟು ಹಿಂಬಾಕಿಯ ಭಾಗವನ್ನು ಕಿತ್ತುಹಾಕಿತು. 2013ರ ಆಗಸ್ಟ್ 12ರಂದು ಸುಪ್ರೀಂ ಕೋರ್ಟು ಅದನ್ನು ಮರಳಿ ಕೊಡಿಸಿತು. ದೀಪಾಲಿ ಗುಂಡು ಸುರ್ವಸೆ ಪ್ರಕರಣವೆಂದು ಕಾನೂನು ವರದಿಗಳಲ್ಲಿ ಪ್ರಸಿದ್ಧವಾಗಿರುವ ಈ ತೀರ್ಪು ನೀಡಿದವರು ನ್ಯಾಯಮೂರ್ತಿ ಜಿ.ಎಸ್. ಸಿಂಘ್ವಿ ಮತ್ತು ಕನ್ನಡಿಗರೇ ಆದ ನ್ಯಾಯಮೂರ್ತಿ ವಿ. ಗೋಪಾಲಗೌಡ.

ಆ ತೀರ್ಪಿನ ಎರಡು ಅಂಶಗಳನ್ನು ಗಮನಿಸಬೇಕು. ಅಕ್ರಮವಾಗಿ ಕೆಲಸ ಕಳೆದುಕೊಂಡವರಿಗೆ ಹಿಂಬಾಕಿ ವೇತನ ನಿರಾಕರಿಸಿದರೆ, ತಪ್ಪು ಮಾಡಿದ ಮಾಲೀಕನಿಗೆ ಬಹುಮಾನ ಕೊಟ್ಟು ನೌಕರನನ್ನು ಪರೋಕ್ಷವಾಗಿ ದಂಡಿಸಿದಂತೆ ಎಂಬುದು ಒಂದು. ಮಾಲೀಕನು ಹೆಸರಾಂತ ವಕೀಲರನ್ನಿಟ್ಟು ವ್ಯಾಜ್ಯವನ್ನು ಎಳೆಯಬಲ್ಲ, ನೌಕರನಿಗೆ ಆ ಅನುಕೂಲ ಇರುವುದಿಲ್ಲ ಎಂಬುದು ಇನ್ನೊಂದು. 1,500 ರೂಪಾಯಿಯ ಒಂದು ನಿರಾಕರಣೆಯಿಂದ ಆರಂಭವಾದ ಸಂಗತಿ ದೇಶದ ಅತ್ಯುನ್ನತ ನ್ಯಾಯಾಲಯದಲ್ಲಿ ಮುಗಿಯಲು, ಅಮಾನತಿನ ದಿನದಿಂದ ಲೆಕ್ಕ ಹಾಕಿದರೂ, ಆರೂಮುಕ್ಕಾಲು ವರ್ಷ ಹಿಡಿಯಿತು.

ಕರ್ನಾಟಕ ಈ ವಿಷಯದಲ್ಲಿ ಹಿಂದುಳಿದ ರಾಜ್ಯವೇನಲ್ಲ. ಖಾಸಗಿ ಶಿಕ್ಷಣ ಸಂಸ್ಥೆಗಳ ಶಿಸ್ತು ಮತ್ತು ನಿಯಂತ್ರಣಕ್ಕಾಗಿ 1975ರಲ್ಲಿಯೇ ನಮ್ಮಲ್ಲಿ ಒಂದು ಕಾಯ್ದೆ ಬಂದಿತು. ಬಳಿಕ 1983ರ ಕರ್ನಾಟಕ ಶಿಕ್ಷಣ ಕಾಯ್ದೆ 1995ರ ಜೂನ್‌ನಿಂದ ಜಾರಿಗೊಂಡಿತು. ಅದರ 92ನೇ ಕಲಂ ಪ್ರಕಾರ, ಆರೋಪ ತಿಳಿಸಿ ವಿಚಾರಣೆ ನಡೆಸದೆ ಖಾಸಗಿ ಶಾಲೆಯ ನೌಕರರನ್ನು ವಜಾ ಮಾಡುವಂತಿಲ್ಲ. 94ನೇ ಕಲಂ ಪ್ರಕಾರ, ವಜಾಗೊಂಡವರು ಆದೇಶ ತಲುಪಿದ ಮೂರು ತಿಂಗಳೊಳಗೆ ಶಿಕ್ಷಣ ಮೇಲ್ಮನವಿ ನ್ಯಾಯಮಂಡಳಿಗೆ ಹೋಗಬಹುದು. ಮಣಿಪಾಲದ ಟಿ.ಎಂ.ಎ. ಪೈ ಪ್ರತಿಷ್ಠಾನವು ಕರ್ನಾಟಕ ಸರ್ಕಾರದ ವಿರುದ್ಧ ಹೂಡಿದ್ದ ಮೊಕದ್ದಮೆಯಲ್ಲಿ 2002ರ ಅಕ್ಟೋಬರ್ 31ರಂದು ತೀರ್ಪಿತ್ತ ಸುಪ್ರೀಂ ಕೋರ್ಟಿನ 11 ನ್ಯಾಯಮೂರ್ತಿಗಳ ಪೀಠವು, ಖಾಸಗಿ ಸಂಸ್ಥೆಗಳಿಗೆ ಆಡಳಿತ ಸ್ವಾತಂತ್ರ್ಯವನ್ನು ವಿಸ್ತರಿಸಿದರೂ, ಶಿಸ್ತುಕ್ರಮಕ್ಕೆ ಒಳಗಾದ ಶಿಕ್ಷಕರಿಗಾಗಿ ಜಿಲ್ಲಾ ನ್ಯಾಯಾಧೀಶರ ದರ್ಜೆಯವರ ನೇತೃತ್ವದ ನ್ಯಾಯಮಂಡಳಿಗಳು ಇರಬೇಕೆಂದು ಹೇಳಿತು. ಆಡಳಿತ ಮಂಡಳಿಗಳ ಸ್ವಾತಂತ್ರ್ಯದ ಪರವಾಗಿ ಈ ತೀರ್ಪನ್ನು ಉದ್ಧರಿಸುವವರು ಅದರ ಈ ಭಾಗವನ್ನು ಸಾಮಾನ್ಯವಾಗಿ ಮರೆಯುತ್ತಾರೆ.

ಹಾಗಾದರೆ ಕೊರತೆ ಎಲ್ಲಿದೆ? 94ನೇ ಕಲಂ ಬಾಗಿಲು ತೆರೆಯುವುದು ವಜಾ, ಸೇವೆಯಿಂದ ತೆಗೆದುಹಾಕುವಿಕೆ ಮತ್ತು ಹಿಂಬಡ್ತಿ ಎಂಬ ಮೂರು ಸಂದರ್ಭಗಳಲ್ಲಿ. 25 ಮೆಮೊಗಳಿಗೆ ಅದು ತೆರೆಯುವುದಿಲ್ಲ. ತಡೆಹಿಡಿದ ಬಡ್ತಿಗೆ, ಬದಲಾದ ವೇಳಾಪಟ್ಟಿಗೆ, ಒತ್ತಾಯದ ರಾಜೀನಾಮೆಗೆ ನೇರವಾಗಿ ತೆರೆಯುವುದಿಲ್ಲ. ಕೊನೆಯ ಪೆಟ್ಟು ಬಿದ್ದ ಮೇಲಷ್ಟೇ ಕಾನೂನು ಕಣ್ಣು ಬಿಡುತ್ತದೆ. ಇನ್ನೊಂದು ಕೊರತೆ ಯಲಹಂಕದಂಥ ಬಡಾವಣೆಗಳಿಗೆ ವಿಶೇಷವಾಗಿ ತಟ್ಟುವಂಥದು. ಶಿಕ್ಷಣ ಕಾಯ್ದೆಯ ಮೊದಲನೆಯ ಕಲಂ ಸಿಬಿಎಸ್‌ಇ ಮತ್ತು ಐಸಿಎಸ್‌ಇ ಮಂಡಳಿಗಳಿಗೆ ಸೇರಿದ ಶಾಲೆಗಳನ್ನು ಬಹುಮಟ್ಟಿಗೆ ತನ್ನ ವ್ಯಾಪ್ತಿಯಿಂದ ಹೊರಗಿಟ್ಟಿದೆ. ಆದ್ದರಿಂದ ಇಂಥ ಶಾಲೆಯ ಶಿಕ್ಷಕಿ ಮೇಲ್ಮನವಿ ಹೂಡಿದರೆ, ಈಕೆಗೆ ಅನ್ಯಾಯವಾಗಿದೆಯೇ ಎಂಬುದಕ್ಕಿಂತ ಮೊದಲು, ಈ ನ್ಯಾಯಮಂಡಳಿಗೆ ವಿಚಾರಿಸುವ ಅಧಿಕಾರ ಇದೆಯೇ ಎಂಬ ತಕರಾರು ಏಳುತ್ತದೆ. ಹೆಚ್ಚು ಶುಲ್ಕ ತೆಗೆದುಕೊಳ್ಳುವ ಶಾಲೆಯ ಶಿಕ್ಷಕಿಯ ರಕ್ಷಣೆಯೇ ಹೆಚ್ಚು ಅಸ್ಪಷ್ಟವಾಗಿರುವುದು ವಿಪರ್ಯಾಸ.

ಕಾರ್ಮಿಕ ನ್ಯಾಯಾಲಯದ ಬಾಗಿಲಾದರೂ ಇದೆಯಲ್ಲ ಎಂದು ಕೆಲವರು ಕೇಳಬಹುದು. ಅದನ್ನು 1988ರಲ್ಲಿ ಮುಚ್ಚಲಾಯಿತು, ಅದೂ ಗೌರವದ ಮಾತುಗಳೊಂದಿಗೆ. ಗೋವೆಯ ಒಂದು ಖಾಸಗಿ ಶಾಲೆಯಿಂದ 1975ರಲ್ಲಿ ವಜಾಗೊಂಡ ಶಿಕ್ಷಕಿಯೊಬ್ಬರ ಮೊಕದ್ದಮೆಯಲ್ಲಿ (ಸುಂದರಾಂಬಾಳ್ ಪ್ರಕರಣ) ಸುಪ್ರೀಂ ಕೋರ್ಟು, ಬೋಧನೆಯು ಒಂದು ಧ್ಯೇಯ, ಉದಾತ್ತ ವೃತ್ತಿ. ಅದು ದೈಹಿಕ ಶ್ರಮವೂ ಅಲ್ಲ, ಗುಮಾಸ್ತೆ ಕೆಲಸವೂ ಅಲ್ಲ. ಆದ್ದರಿಂದ ಶಿಕ್ಷಕರು ಕೈಗಾರಿಕಾ ವಿವಾದ ಕಾಯ್ದೆಯ ಅರ್ಥದಲ್ಲಿ ಕೆಲಸಗಾರರಲ್ಲ ಎಂದು ತೀರ್ಮಾನಿಸಿತು. ಇದರ ಪರಿಣಾಮ ದೊಡ್ಡದು. ವಿವಾದ ವಿಚಾರಣೆಯಲ್ಲಿರುವಾಗ ನೌಕರನ ಸೇವಾ ಷರತ್ತುಗಳನ್ನು ಅವನಿಗೆ ಹಾನಿಯಾಗುವಂತೆ ಬದಲಿಸಕೂಡದು ಎಂದು 1947ರ ಆ ಕಾಯ್ದೆಯ 33ನೇ ಕಲಂ ವಿಧಿಸಿತ್ತು. ಪ್ರತೀಕಾರದ ವಿರುದ್ಧ ನಮ್ಮ ದೇಶದಲ್ಲಿದ್ದ ಬಲವಾದ ತಡೆಗಳಲ್ಲಿ ಅದೂ ಒಂದು. ಕಾರ್ಖಾನೆಯ ಫಿಟ್ಟರ್‌ಗೆ ದೊರೆತ ಆ ರಕ್ಷಣೆ ಅವನ ಮಗಳಿಗೆ ಪಾಠ ಹೇಳುವ ಶಿಕ್ಷಕಿಗೆ ದೊರೆಯಲಿಲ್ಲ. 2025ರ ನವೆಂಬರ್ 21ರಿಂದ ಆ ಕಾಯ್ದೆಯ ಸ್ಥಾನಕ್ಕೆ ಕೈಗಾರಿಕಾ ಸಂಬಂಧಗಳ ಸಂಹಿತೆ ಬಂದಿದೆ. ಹೊಸ ಸಂಹಿತೆಯಲ್ಲಿಯೂ ಇಂಥ ತಡೆ ಉಳಿದಿದೆ. ಕೆಲಸಗಾರ ಎಂಬ ವ್ಯಾಖ್ಯೆಯಲ್ಲಿ ಪತ್ರಕರ್ತರನ್ನೂ ಮಾರಾಟ ಪ್ರತಿನಿಧಿಗಳನ್ನೂ ಹೆಸರಿಸಿ ಸೇರಿಸಲಾಗಿದೆ. ಶಿಕ್ಷಕರ ಹೆಸರು ಅಲ್ಲಿ ಇಲ್ಲ.

ಉಪದಾನದ (ಗ್ರಾಚ್ಯುಯಿಟಿ) ಕತೆಯೂ ಇಂಥದೇ. ಶಿಕ್ಷಕರು ಉಪದಾನ ಕಾಯ್ದೆಯ ಅರ್ಥದಲ್ಲಿ ನೌಕರರಲ್ಲ ಎಂದು 2004ರಲ್ಲಿ ಸುಪ್ರೀಂ ಕೋರ್ಟು ಹೇಳಿದಾಗ ಸಂಸತ್ತು ಸುಮ್ಮನಿರಲಿಲ್ಲ. 2009ರಲ್ಲಿ ಕಾಯ್ದೆ ತಿದ್ದಿ, 1997ರ ಏಪ್ರಿಲ್‌ನಿಂದಲೇ ಪೂರ್ವಾನ್ವಯವಾಗುವಂತೆ ಶಿಕ್ಷಕರನ್ನು ಸೇರಿಸಿತು. ಖಾಸಗಿ ಶಾಲೆಗಳ ಒಕ್ಕೂಟ ಅದನ್ನು ಪ್ರಶ್ನಿಸಿ 2022ರಲ್ಲಿ ಸೋತಿತು. ನ್ಯಾಯಾಲಯ ಮುಚ್ಚಿದ ಬಾಗಿಲನ್ನು ಶಾಸನಸಭೆ ತೆರೆಯಬಲ್ಲದು ಎಂಬುದಕ್ಕೆ ಇದು ನಿದರ್ಶನ. ಗುಜರಾತಿನ ಗುತ್ತಿಗೆ ಸಹಾಯಕ ಪ್ರಾಧ್ಯಾಪಕರ ವೇತನದ ಪ್ರಕರಣದಲ್ಲಿ 2025ರ ಆಗಸ್ಟ್‌ನಲ್ಲಿ ಸುಪ್ರೀಂ ಕೋರ್ಟೇ, ಸಮಾರಂಭಗಳಲ್ಲಿ ಗುರುವನ್ನು ಸ್ತುತಿಸುವ ಶ್ಲೋಕ ಹೇಳಿದರೆ ಸಾಲದು, ಆ ನಂಬಿಕೆ ಅವರನ್ನು ನಡೆಸಿಕೊಳ್ಳುವ ರೀತಿಯಲ್ಲಿ ಕಾಣಬೇಕು ಎಂಬ ಅರ್ಥದ ಮಾತನ್ನಾಡಿದೆ.

ಸರ್ಕಾರಿ ಶಾಲೆಗಳ ಕಾಯಂ ಶಿಕ್ಷಕರ ಸ್ಥಿತಿ ಇದಕ್ಕಿಂತ ಮೇಲು. ಅವರಿಗೆ ಸಂವಿಧಾನದ 311ನೇ ವಿಧಿಯ ರಕ್ಷಣೆ ಇದೆ, ರಾಜ್ಯ ಆಡಳಿತ ನ್ಯಾಯಮಂಡಳಿ ಇದೆ. ಅವರ ಮೇಲೆ ಪ್ರತೀಕಾರ ತೀರಿಸಿಕೊಳ್ಳಲು ಹಿಂದೆ ಬಳಸುತ್ತಿದ್ದ ಆಯುಧ ವರ್ಗಾವಣೆ. ಕರ್ನಾಟಕವು 2007ರಲ್ಲಿ ಶಿಕ್ಷಕರ ವರ್ಗಾವಣೆ ನಿಯಂತ್ರಣಕ್ಕಾಗಿಯೇ ಕಾಯ್ದೆ ಮಾಡಿ, ಕೌನ್ಸೆಲಿಂಗ್ ಮತ್ತು ಆದ್ಯತಾ ಪಟ್ಟಿಯ ವ್ಯವಸ್ಥೆ ತಂದಿತು. 2020ರಲ್ಲಿ ಅದರ ಜಾಗಕ್ಕೆ ಹೊಸ ಕಾಯ್ದೆ ಬಂತು. ಈ ವ್ಯವಸ್ಥೆಯಲ್ಲಿ ದೋಷಗಳಿಲ್ಲವೆಂದಲ್ಲ. ಆದರೆ ಒಬ್ಬ ಅಧಿಕಾರಿಯ ಅಥವಾ ಶಾಸಕರ ಮುನಿಸಿನಿಂದ ಶಿಕ್ಷಕಿಯೊಬ್ಬಳು ಜಿಲ್ಲೆಯ ಮೂಲೆಗೆ ಹೋಗುವ ಅವಕಾಶವನ್ನು ಅದು ಕುಗ್ಗಿಸಿತು. ವಿವೇಚನಾಧಿಕಾರ ಕಡಿಮೆಯಾದಲ್ಲಿ ಸೇಡಿಗೆ ಆಸ್ಪದವೂ ಕಡಿಮೆ ಎಂಬುದು ಆಡಳಿತದಲ್ಲಿ ದಶಕಗಳನ್ನು ಕಳೆದ ನನ್ನಂಥವರ ಅನುಭವ.

ಸರ್ಕಾರದ ನೆರಳಿನಲ್ಲಿದ್ದೂ ಈ ರಕ್ಷಣೆಯ ಹೊರಗಿರುವವರು ಇದ್ದಾರೆ. ಅಂಗನವಾಡಿ ಕಾರ್ಯಕರ್ತೆಯರನ್ನು ಊರಿನವರು ಟೀಚರ್ ಎಂದೇ ಕರೆಯುತ್ತಾರೆ. ಆದರೆ ಕರ್ನಾಟಕ ಸರ್ಕಾರ ಮತ್ತು ಅಮೀರ್‌ಬಿ ಪ್ರಕರಣದಲ್ಲಿ 2006ರ ಡಿಸೆಂಬರ್‌ನಲ್ಲಿ ಸುಪ್ರೀಂ ಕೋರ್ಟು, ಅವರದು ನಾಗರಿಕ ಸೇವೆಯ ಹುದ್ದೆಯಲ್ಲ, ಆಡಳಿತ ನ್ಯಾಯಮಂಡಳಿಗೆ ಅವರು ಹೋಗುವಂತಿಲ್ಲ ಎಂದಿತು. ಅವರಿಗೂ ಉಪದಾನದ ಹಕ್ಕಿದೆ ಎಂದು ಅದೇ ನ್ಯಾಯಾಲಯ ಗುಜರಾತಿನ ಪ್ರಕರಣವೊಂದರಲ್ಲಿ ಹೇಳಲು 2022 ಬರಬೇಕಾಯಿತು. ಅತಿಥಿ ಶಿಕ್ಷಕರದ್ದು ಇನ್ನೂ ತೆಳುವಾದ ನೆಲೆ. ಅವರನ್ನು ವಜಾ ಮಾಡುವ ಅಗತ್ಯವೇ ಬೀಳುವುದಿಲ್ಲ. ಮುಂದಿನ ಜೂನ್‌ನಲ್ಲಿ ಕರೆಯದಿದ್ದರೆ ಆಯಿತು. ದೂರು ಕೊಟ್ಟವರನ್ನು ಮರಳಿ ಕರೆಯದಿರುವುದಕ್ಕೆ ಆದೇಶವೂ ಬೇಡ, ಕಾರಣವೂ ಬೇಡ.

ಕಾಯಂ ರಕ್ಷಣೆಯ ಬೆಲೆ ಏನೆಂಬುದನ್ನು ಕೊಡಗಿನವರಾದ ಸಿ.ಬಿ. ಮುತ್ತಮ್ಮನವರ ಪ್ರಕರಣ ತೋರಿಸುತ್ತದೆ. ಭಾರತೀಯ ವಿದೇಶಾಂಗ ಸೇವೆಯ ಮೊದಲ ಮಹಿಳಾ ಅಧಿಕಾರಿಯಾದ ಅವರು, ಬಡ್ತಿ ನಿರಾಕರಣೆಯನ್ನೂ ಮಹಿಳೆಯರು ಮದುವೆಗೆ ಸರ್ಕಾರದ ಅನುಮತಿ ಪಡೆಯಬೇಕೆಂಬ ನಿಯಮವನ್ನೂ ಪ್ರಶ್ನಿಸಿ ಸುಪ್ರೀಂ ಕೋರ್ಟಿಗೆ ಹೋದರು. ಮೊಕದ್ದಮೆ ನಡೆಯುತ್ತಿರುವಾಗಲೇ ಸರ್ಕಾರ ಬಡ್ತಿ ನೀಡಿತು. 1979ರಲ್ಲಿ ನ್ಯಾಯಮೂರ್ತಿ ವಿ.ಆರ್. ಕೃಷ್ಣ ಅಯ್ಯರ್ ಅವರು ಆ ನಿಯಮಗಳ ಲಿಂಗ ತಾರತಮ್ಯವನ್ನು ಕಟುವಾಗಿ ಟೀಕಿಸಿದರು. ಮುತ್ತಮ್ಮನವರ ಧೈರ್ಯ ದೊಡ್ಡದು. ಆದರೆ ಆ ಧೈರ್ಯಕ್ಕೆ ಆಧಾರವಾಗಿ, ವ್ಯಾಜ್ಯ ನಡೆಯುವಾಗಲೂ ಹುದ್ದೆ ಉಳಿದಿತ್ತು, ಸಂಬಳ ಬರುತ್ತಿತ್ತು. ಇವೆರಡೂ ಇಲ್ಲದ ಖಾಸಗಿ ಶಾಲೆಯ ಶಿಕ್ಷಕಿಯಿಂದ ಅದೇ ಧೈರ್ಯವನ್ನು ನಿರೀಕ್ಷಿಸುವುದು ನ್ಯಾಯವಲ್ಲ.

ಅರ್ಥಶಾಸ್ತ್ರದ ವಿದ್ಯಾರ್ಥಿಯಾಗಿ ನನಗೆ ಕಾಣುವುದು ವಿಳಂಬದ ಬೆಲೆಯನ್ನು ಯಾರು ತೆರುತ್ತಾರೆ ಎಂಬ ಪ್ರಶ್ನೆ. ಆಡಳಿತ ಮಂಡಳಿ ವಕೀಲರಿಗೆ ಕೊಡುವ ಹಣ ಸಂಸ್ಥೆಯ ಲೆಕ್ಕದಿಂದ, ಅಂದರೆ ಕೊನೆಗೆ ಪೋಷಕರು ಕಟ್ಟುವ ಶುಲ್ಕದಿಂದ ಬರುತ್ತದೆ. ಶಿಕ್ಷಕಿ ಕೊಡುವ ಹಣ ಮನೆಯ ಉಳಿತಾಯದಿಂದ, ಕೆಲವೊಮ್ಮೆ ಒಡವೆಯಿಂದ ಬರುತ್ತದೆ. ಒಂದು ವರ್ಷದ ವಿಳಂಬ ಸಂಸ್ಥೆಗೆ ಒಂದು ಬಾಬತ್ತು. ಆಕೆಗೆ ಒಂದು ವರ್ಷದ ಸಂಬಳ. ಸಾಲದ್ದಕ್ಕೆ ಮುಂದಿನ ಕೆಲಸಕ್ಕೆ ಬೇಕಾದ ಅನುಭವ ಪ್ರಮಾಣಪತ್ರ, ಕೆಲವು ಕಡೆ ಮೂಲ ಅಂಕಪಟ್ಟಿಗಳು ಕೂಡ, ಎದುರಾಳಿಯ ಕಪಾಟಿನಲ್ಲಿರುತ್ತವೆ. ಒಂದೇ ಬಡಾವಣೆಯ ಶಾಲೆಗಳ ನಡುವೆ ದೂರವಾಣಿಯಲ್ಲಿ ಒಂದು ಮಾತು ಸಾಕು, ಮಾರುಕಟ್ಟೆ ಮುಚ್ಚಿಹೋಗುತ್ತದೆ. ಇಂಥ ಲೆಕ್ಕಾಚಾರದಲ್ಲಿ ಸುಮ್ಮನಿರುವುದೇ ಜಾಣತನವಾಗುತ್ತದೆ.

ನೌಕರಿ ಭದ್ರವಾಗಿದ್ದರೂ ವಿಳಂಬ ಕಾಡದೆ ಇರುವುದಿಲ್ಲ. ನಮ್ಮ ಗಡಿಗೆ ಹತ್ತಿರದ ಧರ್ಮಪುರಿ ಜಿಲ್ಲೆಯ ಸರ್ಕಾರಿ ಶಾಲಾ ಶಿಕ್ಷಕಿಯೊಬ್ಬರಿಗೆ 2021ರಲ್ಲಿ ಶಿಕ್ಷಣಾಧಿಕಾರಿಗಳು ಹೆರಿಗೆ ರಜೆ ನಿರಾಕರಿಸಿದರು. ಆಕೆಗೆ ಈಗಾಗಲೇ ಎರಡು ಮಕ್ಕಳಿದ್ದಾರೆ ಎಂಬುದು ಕಾರಣ. ಹೈಕೋರ್ಟಿನ ಏಕಸದಸ್ಯ ಪೀಠ ಆಕೆಯ ಪರವಾಗಿ, ವಿಭಾಗೀಯ ಪೀಠ ವಿರುದ್ಧವಾಗಿ ತೀರ್ಪಿತ್ತವು. ಸುಪ್ರೀಂ ಕೋರ್ಟು 2025ರ ಮೇ ತಿಂಗಳಲ್ಲಿ ರಜೆ ಮಂಜೂರು ಮಾಡಬೇಕೆಂದಿತು. ಹೆರಿಗೆಯ ಕಾಲಕ್ಕೆ ಬೇಕಾಗಿದ್ದ ರಜೆಯ ತೀರ್ಮಾನವಾಗಲು ಮೂರು ವರ್ಷ ಒಂಬತ್ತು ತಿಂಗಳು ಬೇಕಾದವು.

ಪ್ರತೀಕಾರವನ್ನು ಪ್ರತ್ಯೇಕ ತಪ್ಪೆಂದು ಗುರುತಿಸಿದರೆ ಏನಾಗುತ್ತದೆ ಎಂಬುದಕ್ಕೆ ಅಮೆರಿಕದ ಒಂದು ತೀರ್ಪು ಉದಾಹರಣೆ. ಅಲಬಾಮಾ ರಾಜ್ಯದ ಬರ್ಮಿಂಗ್‌ಹ್ಯಾಮ್ ನಗರದ ಸರ್ಕಾರಿ ಪ್ರೌಢಶಾಲೆಯೊಂದರಲ್ಲಿ ರೋಡೆರಿಕ್ ಜಾಕ್ಸನ್ ಎಂಬ ದೈಹಿಕ ಶಿಕ್ಷಣ ಶಿಕ್ಷಕರು ಬಾಲಕಿಯರ ಬ್ಯಾಸ್ಕೆಟ್‌ಬಾಲ್ ತಂಡಕ್ಕೆ ತರಬೇತಿ ನೀಡುತ್ತಿದ್ದರು. ಬಾಲಕಿಯರ ತಂಡಕ್ಕೆ ಹಣದಲ್ಲಿಯೂ ಸೌಲಭ್ಯದಲ್ಲಿಯೂ ತಾರತಮ್ಯವಾಗುತ್ತಿದೆ ಎಂದು ಅವರು ದೂರಿದ ಮೇಲೆ ಅವರ ಕೆಲಸದ ಬಗ್ಗೆ ಪ್ರತಿಕೂಲ ವರದಿಗಳು ಬಂದವು. 2001ರಲ್ಲಿ ತರಬೇತುದಾರನ ಹೊಣೆ ತಪ್ಪಿತು. ಅವರು ಶಿಕ್ಷಣ ಮಂಡಳಿಯ ಮೇಲೆ ಮೊಕದ್ದಮೆ ಹೂಡಿದರು. ತಾರತಮ್ಯ ನಡೆದದ್ದು ಬಾಲಕಿಯರಿಗೆ, ಇವರಿಗಲ್ಲವಲ್ಲ ಎಂಬುದು ಎದುರುವಾದ. 2005ರ ಮಾರ್ಚ್‌ನಲ್ಲಿ ಅಲ್ಲಿನ ಸುಪ್ರೀಂ ಕೋರ್ಟು 5–4ರ ಬಹುಮತದಿಂದ, ದೂರಿದವರನ್ನು ದಂಡಿಸುವುದೂ ತಾರತಮ್ಯವೇ, ದೂರಿದವರಿಗೆ ರಕ್ಷಣೆ ಇಲ್ಲವಾದರೆ ತಾರತಮ್ಯ ನಿಷೇಧದ ವ್ಯವಸ್ಥೆಯೇ ಕುಸಿಯುತ್ತದೆ ಎಂದು ಹೇಳಿತು.

ಈ ತರ್ಕ ನಮಗೆ ಮುಖ್ಯ. ಮಕ್ಕಳ ಮೇಲಿನ ಲೈಂಗಿಕ ದೌರ್ಜನ್ಯ ತಡೆಯುವ 2012ರ ಪೋಕ್ಸೊ ಕಾಯ್ದೆಯ ಪ್ರಕಾರ, ದೌರ್ಜನ್ಯದ ವಿಷಯ ತಿಳಿದ ಯಾರೇ ಆದರೂ ಅದನ್ನು ವರದಿ ಮಾಡಬೇಕು, ಮಾಡದಿದ್ದರೆ ಶಿಕ್ಷೆ. ಸದುದ್ದೇಶದಿಂದ ಮಾಹಿತಿ ಕೊಟ್ಟವರ ಮೇಲೆ ದಾವೆ ಹೂಡುವಂತಿಲ್ಲ ಎಂದೂ ಆ ಕಾಯ್ದೆ ಹೇಳುತ್ತದೆ. ಆದರೆ ಶಾಲೆಯ ಹೆಸರು ಕೆಡಿಸಿದಳು ಎಂದು ಮುಂದಿನ ವರ್ಷ ಆಕೆಯ ಕೆಲಸ ಹೋದರೆ? ಕಾನೂನು ಮಾತನಾಡು ಎನ್ನುತ್ತದೆ. ಮಾತನಾಡಿದವರ ಅನ್ನಕ್ಕೆ ಹೊಣೆ ಹೊರುವುದಿಲ್ಲ. ಶಿಕ್ಷಕಿಯ ಭಯ ಆಕೆಯೊಬ್ಬಳ ಸಮಸ್ಯೆಯಲ್ಲ, ತರಗತಿಯಲ್ಲಿ ಕೂತ ನಮ್ಮ ಮಕ್ಕಳ ಸಮಸ್ಯೆಯೂ ಹೌದು ಎಂಬುದನ್ನು ಪೋಷಕರು ಗಮನಿಸಬೇಕು.

ಆಡಳಿತ ಮಂಡಳಿಗಳ ಕಡೆಯಿಂದ ಬರುವ ಆಕ್ಷೇಪಗಳನ್ನು ತಳ್ಳಿಹಾಕಲಾಗದು. ಸರಿಯಾಗಿ ಪಾಠ ಮಾಡದವರು ಒಂದು ದೂರು ಬರೆದು, ಅದರ ಮರೆಯಲ್ಲಿ ಕುಳಿತುಕೊಳ್ಳಬಹುದು ಎಂಬ ಆತಂಕ ಇದೆ. ಕಡಿಮೆ ಶುಲ್ಕದ ಸಣ್ಣ ಶಾಲೆಗಳಿಗೆ ವ್ಯಾಜ್ಯದ ಹೊರೆ ತಡೆಯಲಾಗದು ಎಂಬ ಮಾತೂ ನಿಜ. ಆದರೆ ಬೋಧನೆಯ ದೋಷ ನಿಜವಾಗಿದ್ದರೆ, ದೂರು ಬರುವ ಮೊದಲೇ ಅದು ಶಾಲೆಯ ದಾಖಲೆಗಳಲ್ಲಿ ಇರಬೇಕಲ್ಲವೆ? ದೂರಿನ ಮರುವಾರದಿಂದಷ್ಟೇ ಮೆಮೊಗಳು ಹುಟ್ಟಿಕೊಂಡಿದ್ದರೆ ಆ ದಿನಾಂಕಗಳೇ ಸಾಕ್ಷಿ ಹೇಳುತ್ತವೆ. ಕ್ರಮಬದ್ಧವಾಗಿ ನಡೆಯುವ ಶಾಲೆಗೆ ಇದರಿಂದ ನಷ್ಟವಿಲ್ಲ.

ಆಗಬೇಕಾದದ್ದು ಬಹಳವೇನಿಲ್ಲ. ಲಿಖಿತ ದೂರು ನೀಡಿದ ಒಂದು ವರ್ಷದೊಳಗೆ ಶಿಕ್ಷಕರಿಗೆ ಹಾನಿಯಾಗುವ ಯಾವುದೇ ಕ್ರಮ ಕೈಗೊಂಡರೆ, ಅದು ಪ್ರತೀಕಾರವಲ್ಲ ಎಂದು ತೋರಿಸುವ ಹೊಣೆ ಆಡಳಿತ ಮಂಡಳಿಯದು ಎಂಬ ಸಾಲನ್ನು 94ನೇ ಕಲಂಗೆ ಸೇರಿಸಬೇಕು. ಒತ್ತಾಯದ ರಾಜೀನಾಮೆಯನ್ನೂ ಮೇಲ್ಮನವಿಯ ವ್ಯಾಪ್ತಿಗೆ ತರಬೇಕು. ಮಂಡಳಿ ಯಾವುದೇ ಇರಲಿ, ರಾಜ್ಯದ ನೆಲದಲ್ಲಿರುವ ಎಲ್ಲ ಶಾಲೆಗಳ ಶಿಕ್ಷಕರಿಗೂ ಈ ಅಧ್ಯಾಯ ಅನ್ವಯಿಸುತ್ತದೆ ಎಂದು ಸ್ಪಷ್ಟಪಡಿಸಬೇಕು. ಮೇಲ್ಮನವಿ ಇತ್ಯರ್ಥಕ್ಕೆ ಕಾಲಮಿತಿ ಇರಬೇಕು. ಅದು ಮೀರಿದರೆ ಕೊನೆಯ ಸಂಬಳದ ಒಂದು ಭಾಗವನ್ನು ಸಂಸ್ಥೆ ಕೊಡುತ್ತ ಹೋಗಬೇಕು. ಗೆದ್ದ ಕಾರ್ಮಿಕನ ವಿರುದ್ಧ ಮಾಲೀಕ ಮೇಲಿನ ನ್ಯಾಯಾಲಯಕ್ಕೆ ಹೋದಾಗ ಕೊನೆಯ ವೇತನ ಕೊಡುತ್ತಿರಬೇಕೆಂಬ ತತ್ತ್ವ 1980ರ ದಶಕದಲ್ಲಿಯೇ ನಮ್ಮ ಕಾರ್ಮಿಕ ಕಾನೂನಿಗೆ ಬಂದದ್ದು, ಇದು ಹೊಸತೇನಲ್ಲ. ವಿಳಂಬದ ಬೆಲೆ ಎರಡೂ ಕಡೆ ಬಿದ್ದಾಗ ವ್ಯಾಜ್ಯಗಳು ತಾವಾಗಿಯೇ ಬೇಗ ಮುಗಿಯುತ್ತವೆ. ಕ್ಷೇತ್ರ ಶಿಕ್ಷಣಾಧಿಕಾರಿಗಳ ಕಚೇರಿಯಲ್ಲಿ ಶಿಕ್ಷಕರ ದೂರಿಗೆ ದಿನಾಂಕ ಸಹಿತ ಸ್ವೀಕೃತಿ ಕೊಡುವುದನ್ನು ಕಡ್ಡಾಯ ಮಾಡಬೇಕು. ಇದಕ್ಕೆ ಶಾಸನವೂ ಬೇಡ, ಒಂದು ಸುತ್ತೋಲೆ ಸಾಕು. ಮುಂದೆ ನ್ಯಾಯಾಧೀಶರ ಎದುರು ಆಕೆಯ ಕೈಯಲ್ಲಿರುವ ಮೊದಲ ಆಧಾರ ಆ ಸ್ವೀಕೃತಿಯೇ ಆಗಿರುತ್ತದೆ.

ಪ್ರತಿ ಸೆಪ್ಟೆಂಬರ್ 5ರಂದು ನಾವು ಶಿಕ್ಷಕರಿಗೆ ಶಾಲು ಹೊದಿಸುತ್ತೇವೆ. ಆ ಗೌರವದ ಜೊತೆಗೆ, ಅನ್ಯಾಯ ಕಂಡಾಗ ಅರ್ಜಿ ಬರೆದೂ ಮರುದಿನ ಅದೇ ತರಗತಿಗೆ ಹೋಗಿ ನಿಲ್ಲಬಲ್ಲೆ ಎಂಬ ಭರವಸೆ ಅವರಿಗೆ ಬೇಕಾಗಿದೆ. ಸಂಸತ್ತು ಉಪದಾನದ ವಿಷಯದಲ್ಲಿ 2009ರಲ್ಲಿ ಮಾಡಿದ್ದನ್ನು, ಈ ವಿಷಯದಲ್ಲಿ ಮಾಡುವ ಅಧಿಕಾರ ನಮ್ಮ ವಿಧಾನಮಂಡಲಕ್ಕೆ ಇದೆ. 1975ರಲ್ಲಿಯೇ ಈ ಹಾದಿ ತುಳಿದ ರಾಜ್ಯ ಮುಂದಿನ ಹೆಜ್ಜೆ ಇಡಲು ಇನ್ನೊಂದು ತೀರ್ಪಿಗಾಗಿ ಕಾಯಬೇಕಾಗಿಲ್ಲ.